ಮೊಟ್ಟೆ ಕಾಣುವ ಕಣ್ಣು

ನನ್ನ ಅಂಗಡಿಗೆ ಬಂದು, ಜೇನುತುಪ್ಪದ ಬಾಟಲಿಯನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿ, "ಇದು ಅಸಲೀನಾ?" ಎಂದು ಕೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಲ್ಲಾಡಿಸಿದರೆ ಜೇನು ಬಾಯಿಬಿಟ್ಟು ತನ್ನ ಕುಲಗೋತ್ರ ಹೇಳುತ್ತದೆಯೇ? ಶಿರಸಿಯ ಹಳೆ ಬಸ್ ನಿಲ್ದಾಣದ ಹತ್ತಿರ ಇಷ್ಟು ವರ್ಷ ಜೇನು, ಮುರುಗಲು ಸಿಪ್ಪೆ, ಜೋನಿಬೆಲ್ಲ ಮಾರುತ್ತ ಕುಳಿತ ಸಮೀನಾ ನಾನು. ಅಂಥವರಿಗೆ ನಾನು ಕೊಡುವ ಉತ್ತರ ಒಂದೇ: "ತಿಮ್ಮಕ್ಕನ ಜೇನು ಇದು. ಬೇಕಾದ್ರೆ ಒಯ್ಯಿರಿ, ಬೇಡಾದ್ರೆ ಇಡಿ." ಕಾನಸೂರು ಕಡೆಯವರಾದರೆ ಮಾತಿಲ್ಲದೆ ಒಯ್ಯುತ್ತಾರೆ. ಹೊರಗಿನವರು ಯಾವ ತಿಮ್ಮಕ್ಕ ಎಂದು ಕೇಳುತ್ತಾರೆ. ಆಗ ನನ್ನ ಸಿಟ್ಟು ಇಳಿಯುತ್ತದೆ, ಅವಳ ಕಥೆ ಹೇಳಲು ನೆಪ ಸಿಕ್ಕಿತಲ್ಲ ಎಂದು.

ಇಪ್ಪತ್ತು ವರ್ಷದ ಹಿಂದಿನ ಮಾತು. ನನ್ನ ಗಂಡ ಮುನವ್ವರ್ ಯಲ್ಲಾಪುರದಿಂದ ಶಿರಸಿಗೆ ಮೂಟೆ ಸಾಗಿಸುವ ಲಾರಿ ಓಡಿಸುತ್ತಿದ್ದ. ಒಮ್ಮೆ ಎಂಜಿನ್ ಕೆಟ್ಟು ಲಾರಿ ನಮ್ಮ ಹಿತ್ತಲಲ್ಲಿ ವಾರಗಟ್ಟಲೆ ನಿಂತಿತು. ರಿಪೇರಿಗೆ ಬಂದ ಮೇಸ್ತ್ರಿ ಟೂಲ್ ಬಾಕ್ಸಿನ ಬಾಗಿಲು ತೆಗೆದರೆ ಒಳಗೆ ಜೇನು ಸಂಸಾರ ಹೂಡಿತ್ತು. ಮೇಸ್ತ್ರಿ ಪಾನಾ ಅಲ್ಲೇ ಬಿಸಾಕಿ ಓಡಿದ. ಒಬ್ಬರು ಹೊಗೆ ಹಾಕಿ ಎಂದರು, ಇನ್ನೊಬ್ಬರು ಸೀಮೆಎಣ್ಣೆ ಎರಚಿ ಎಂದರು. ಯಾರೋ ಪುಣ್ಯಾತ್ಮರು ಕಾನಸೂರಿನ ತಿಮ್ಮಿಗೆ ಹೇಳಿ ಕಳಿಸಿದರು.

ಮರುದಿನ ಬೆಳಗಿನ ಬಸ್ಸಿಗೆ ಅವಳು ಬಂದಳು. ಸೊಂಟದ ಮೇಲೆ ಕೂಸನ್ನು ಕೂರಿಸಿಕೊಂಡ ಹಾಗೆ ಒಂದು ಮರದ ಪೆಟ್ಟಿಗೆ. ಮುಖಕ್ಕೆ ಬಲೆ ಇಲ್ಲ, ಕೈಗೆ ಗವುಸು ಇಲ್ಲ. ಸೆರಗು ಸಿಕ್ಕಿಸಿ ಲಾರಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತವಳು ಬರಿಗೈಯನ್ನೇ ಒಳಗೆ ಹಾಕಿದಳು. ಮೇಣದ ಎರಿಗಳನ್ನು ಒಂದೊಂದಾಗಿ ಕತ್ತರಿಸಿ ಚೌಕಟ್ಟಿಗೆ ಕಟ್ಟಿದಳು, ನೊಣಗಳನ್ನು ಬೊಗಸೆಯಲ್ಲಿ ಎತ್ತಿ ಪೆಟ್ಟಿಗೆಗೆ ಸುರಿದಳು. ರಾಣಿ ಒಳಗೆ ಹೋದದ್ದೇ ಉಳಿದವು ತಾವಾಗಿ ಸಾಲು ಹಿಡಿದು ಹೋದವು. ದೇವಿಮನೆ ಘಟ್ಟದಲ್ಲಿ ಟಯರು ಒಡೆದರೂ ಬೆವರದ ನನ್ನ ಗಂಡ ಅಡುಗೆಮನೆಯ ಕಿಟಕಿ ಹಿಂದೆ ನಿಂತು ಇಣುಕುತ್ತಿದ್ದ.

"ಸಾಹೇಬ್ರೇ, ಹೊರಗೆ ಬನ್ನಿ. ಲಾರಿ ಈಗ ನಿಮ್ದೇ ಆತು," ಎಂದಳು ತಿಮ್ಮಕ್ಕ.

ಪೆಟ್ಟಿಗೆಯನ್ನು ಅವಳು ಒಯ್ಯಲಿಲ್ಲ. ಮನೆ ಹುಡುಕಿಕೊಂಡು ಬಂದವರನ್ನು ಓಡಿಸಬಾರದು ಎಂದು ನಮ್ಮ ಹಿತ್ತಲ ಪೇರಲ ಗಿಡದ ಬುಡದಲ್ಲೇ ಇಟ್ಟಳು. ಅಂದಿನಿಂದ ಶಿರಸಿಗೆ ಬಂದಾಗಲೆಲ್ಲ ನನ್ನ ಅಂಗಡಿಗೆ ಜೇನು ಕೊಟ್ಟು, ಹಿತ್ತಲಿಗೆ ಹೋಗಿ ಆ ಪೆಟ್ಟಿಗೆ ತೆರೆದು ನೋಡಿ, ಚಹಾ ಕುಡಿದು ಹೋಗುವುದು ಅವಳ ಪದ್ಧತಿ.

ತಿಮ್ಮಕ್ಕನ ಗಂಡ ನಾಗಪತಿ ಗಾರೆ ಕೆಲಸದವನು. ಮನೆಗೆ ಒಂದಿಷ್ಟು ಗದ್ದೆ ಇದೆ, ಊಟಕ್ಕೆ ಸಾಕು. ಜೇನು ಮಾತ್ರ ಅವಳದೇ. ಸಿದ್ದಾಪುರದಲ್ಲಿ ಜೇನು ಸಾಕಣೆಯ ತರಬೇತಿ ನಡೆದಾಗ ಹೋದ ಹೆಂಗಸು ಇವಳೊಬ್ಬಳೇ. ಅಲ್ಲಿದ್ದ ಗಂಡಸರು ಚಹಾ ಮಾಡಲು ಬಂದವಳೆಂದು ತಿಳಿದು ಸಕ್ಕರೆ ಕಡಿಮೆ ಹಾಕು ಎಂದಿದ್ದರಂತೆ. ಈಗ ಅವರ ಮನೆಯಲ್ಲೇ ಜೇನು ಪಾಲಾಗಿ, ಹಳೆ ರಾಣಿಯ ಹಿಂದೆ ಅರ್ಧ ಕುಟುಂಬ ಹಾರಿದರೆ ಫೋನು ಬರುವುದು ಇವಳಿಗೆ. ಎಕ್ಕಂಬಿಯಿಂದ ಉಮ್ಮಚಗಿವರೆಗೆ ಯಾರ್‍ಯಾರದೋ ಜಾಗದಲ್ಲಿ ಇವಳ ಪೆಟ್ಟಿಗೆಗಳಿವೆ. ಜಾಗ ಕೊಟ್ಟವರ ಹೂವು ಕಾಯಿ ಕಟ್ಟುತ್ತದೆ, ಕೊಯ್ಲಿನಲ್ಲಿ ಅವರಿಗೊಂದು ಬಾಟಲಿ ಜೇನು ಹೋಗುತ್ತದೆ. ಬರವಣಿಗೆ ಇಲ್ಲ, ಸಹಿ ಇಲ್ಲ, ಜಗಳವಂತೂ ಇಲ್ಲವೇ ಇಲ್ಲ.

ಜೇನು ಸಾಕುವುದೆಂದರೆ ಕಚ್ಚಿಸಿಕೊಳ್ಳುವ ಧೈರ್ಯ ಎಂದು ನಾನು ತಿಳಿದಿದ್ದೆ. ಅಲ್ಲ, ಅದು ಕಣ್ಣಿನ ಕೆಲಸ. ಪೆಟ್ಟಿಗೆಯ ಕೆಳಗಿನ ಅಂತಸ್ತನ್ನು ಇವರು ಸಂಸಾರ ಕೋಣೆ ಎನ್ನುತ್ತಾರೆ. ರಾಣಿ ಮೊಟ್ಟೆ ಇಡುವುದು ಅಲ್ಲಿ. ರಾಣಿ ನಾಚಿಕೆಯವಳು, ಬೆಳಕು ಬಿದ್ದರೆ ನೊಣಗಳ ಅಡಿಗೆ ಸರಿಯುತ್ತಾಳೆ. ಅವಳನ್ನು ಹುಡುಕುವ ಬದಲು ಮೊಟ್ಟೆ ನೋಡಬೇಕು. ಬಿಸಿಲಿಗೆ ಬೆನ್ನು ಕೊಟ್ಟು, ಹೆಗಲ ಮೇಲಿಂದ ಬೆಳಕು ಎರಿಯ ಕಣ್ಣುಗಳ, ಅಂದರೆ ಅದರ ಸಣ್ಣ ಸಣ್ಣ ಗೂಡುಗಳ, ತಳಕ್ಕೆ ಬೀಳುವಂತೆ ಚೌಕಟ್ಟನ್ನು ಓರೆ ಹಿಡಿದರೆ, ತಳದಲ್ಲಿ ಬಿಳಿ ದಾರದ ತುಂಡಿನಷ್ಟು ಸಣ್ಣದು ನಿಂತಿರುತ್ತದೆ. ಅದಿದ್ದರೆ ರಾಣಿ ಇದ್ದಾಳೆ, ಕುಟುಂಬ ಕ್ಷೇಮ. ಇಲ್ಲದಿದ್ದರೆ ರಾಣಿ ಸತ್ತಿದ್ದಾಳೆ, ಆ ಕುಟುಂಬವನ್ನು ಬೇಗನೆ ಇನ್ನೊಂದಕ್ಕೆ ಸೇರಿಸಬೇಕು. ತಿಮ್ಮಕ್ಕ ಒಂದು ನೋಟಕ್ಕೆ "ಇದ್ದಾಳೆ" ಎಂದು ಮುಚ್ಚಳ ಹಾಕುತ್ತಿದ್ದಳು. ಅವಳು ಹೇಳಿದ್ದು ಸುಳ್ಳಾದದ್ದನ್ನು ಯಾರೂ ಕಂಡಿರಲಿಲ್ಲ.

ಮೂರು ವರ್ಷದ ಹಿಂದೆ ಅವಳ ರಾಣಿಗಳು ಸಾಯತೊಡಗಿದವು. ಮೊದಲು ಎಕ್ಕಂಬಿಯಲ್ಲಿ, ಆಮೇಲೆ ಕಾನಸೂರಿನ ಮನೆಯ ಹಿಂದೆಯೇ. ಪೆಟ್ಟಿಗೆ ತೆರೆದರೆ ಮೊಟ್ಟೆ ಇಲ್ಲ. ಅವಳು ತಿಳಿದ ದಾರಿಯಲ್ಲೇ ನಡೆದಳು. ರಾಣಿ ಇಲ್ಲದ ಪೆಟ್ಟಿಗೆಯನ್ನು ರಾಣಿ ಇದ್ದದ್ದರ ಮೇಲಿಟ್ಟು, ನಡುವೆ ಪೇಪರಿನ ಹಾಳೆ ಹಾಸುವುದು. ಎರಡೂ ಕಡೆಯವು ಹಾಳೆ ಕಡಿಯುತ್ತ ಕಡಿಯುತ್ತ ಒಂದರ ವಾಸನೆಗೆ ಒಂದು ಒಗ್ಗಿ ಒಂದಾಗುತ್ತವೆ. ಈ ಸಲ ಒಂದಾಗಲಿಲ್ಲ. ಬಾಗಿಲ ಮುಂದೆ ಸತ್ತ ನೊಣಗಳ ರಾಶಿ ಬೀಳುತ್ತಿತ್ತು, ಉಳಿದವು ಪೆಟ್ಟಿಗೆ ಬಿಟ್ಟು ಹಾರಿಹೋಗುತ್ತಿದ್ದವು.

ತಿಮ್ಮಕ್ಕ ಎಲ್ಲರನ್ನೂ ಬೈದಳು. ತೋಟದವರು ಹೊಡೆಯುವ ಔಷಧಿಯನ್ನು, ಮೊಬೈಲ್ ಟವರನ್ನು, ಹೊತ್ತಲ್ಲದ ಹೊತ್ತಿಗೆ ಬರುವ ಮಳೆಯನ್ನು. ಬಾಟಲಿಗಳು ಬರುವುದು ಕಡಿಮೆಯಾದಾಗ ನಾನೂ ಅವಳ ಜತೆ ಸೇರಿ ಟವರಿಗೆ ಶಾಪ ಹಾಕಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾಗಪತಿ ತಮಾಷೆಗೆ ಹೇಳಿ ಒಂದು ವಾರ ಅವಳ ಮಾತು ಕಳೆದುಕೊಂಡ.

ಆಮೇಲೊಂದು ಮಧ್ಯಾಹ್ನ ನಮ್ಮ ಹಿತ್ತಲ ಪೆಟ್ಟಿಗೆ ತೆರೆದಳು. ಬಿಸಿಲಿಗೆ ಬೆನ್ನು ಕೊಟ್ಟು ಚೌಕಟ್ಟನ್ನು ಹಿಂದೆ ಮುಂದೆ ವಾಲಿಸಿದಳು. ಬಹಳ ಹೊತ್ತು ನೋಡಿದಳು.

"ಇದೂ ಹೋತು. ಮೊಟ್ಟೆ ಇಲ್ಲ," ಎಂದಳು. "ನಾಡಿದ್ದು ಬಂದು ಪೆಟ್ಟಿಗೆ ಒಯ್ತೆ. ಕಾನಸೂರಲ್ಲಿ ಒಂದು ಗಟ್ಟಿ ಕುಟುಂಬ ಅದೆ, ಬಾಗ್ಲಲ್ಲಿ ಓಡಾಟ ನೋಡಿದ್ರೇ ಗೊತ್ತಾಗ್ತದೆ, ಅದಕ್ಕೆ ಸೇರಿಸ್ತೆ."

ಲಾರಿಯಲ್ಲಿ ಬಂದ ಸಂಸಾರ ಅದು, ನನ್ನ ಮನೆಯ ಮೊದಲ ನೆಂಟರು. ಕೊನೆಗೊಮ್ಮೆ ನೋಡೋಣ ಎಂದು ಅವಳ ಹಿಂದೆ ನಿಂತು ಬಗ್ಗಿದೆ. ಕಣ್ಣು ಕಣ್ಣಿನ ತಳದಲ್ಲೂ ಬಿಳಿ ಮೊಟ್ಟೆ ಸಾಲಾಗಿ ನಿಂತಿತ್ತು. ನನಗೆ ತಪ್ಪು ಕಂಡಿರಬೇಕು ಎಂದು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ.

"ತಿಮ್ಮಕ್ಕಾ, ಇದೆಯಲ್ಲ. ಎರಿ ತುಂಬ ಇದೆ."

"ಸುಮ್ನಿರು ಮಾರಾಯ್ತಿ. ಕುಚೋದ್ಯ ಮಾಡೋ ಹೊತ್ತಲ್ಲ ಇದು."

ನಾನು ಅವಳ ಬೆರಳು ಹಿಡಿದು ಎರಿಯ ಮೇಲಿಟ್ಟು, ಇಲ್ಲಿ ನೋಡು, ಇಲ್ಲಿ ನೋಡು ಎಂದೆ. ಅವಳು ಎಡಗಣ್ಣು ಮುಚ್ಚಿದಳು, ಬಲಗಣ್ಣು ಮುಚ್ಚಿದಳು. ಸುತ್ತಲಿನ ಮರದ ಪಟ್ಟಿ ಕಾಣುತ್ತದೆ, ನೊಣ ಓಡಾಡುವುದು ಕಾಣುತ್ತದೆ, ನೇರ ನೋಡಿದ ಜಾಗ ಮಾತ್ರ ಹೊಗೆ ಕವಿದ ಹಾಗಿದೆ ಎಂದಳು. ಕೆಲವು ತಿಂಗಳಿಂದ ಹೀಗೇ ಇತ್ತಂತೆ. ಕಣ್ಣು ಮಂಜಾದರೆ ಮಿಸ್ರಿ ಎಂಬ ಮುಳ್ಳಿಲ್ಲದ ಸಣ್ಣ ನೊಣದ ಜೇನು ಹಚ್ಚುವುದು ನಮ್ಮ ಕಡೆಯ ರೂಢಿ, ಅದನ್ನೇ ದಿನಾ ಹಚ್ಚಿಕೊಂಡಿದ್ದಳು.

ಚೌಕಟ್ಟನ್ನು ಮೆಲ್ಲಗೆ ಒಳಗಿಟ್ಟು ಮುಚ್ಚಳ ಮುಚ್ಚಿದಳು. ಆಮೇಲೆ ಪೇರಲ ಗಿಡಕ್ಕೆ ಕೈ ಕೊಟ್ಟು ನಿಂತು, "ಹಂಗಾದ್ರೆ ಅವೆಲ್ಲ ರಾಣಿ ಇದ್ದ ಪೆಟ್ಟಿಗೆನೇ ಆಗಿದ್ವೇನೇ?" ಎಂದಳು.

ಹೌದು. ಒಂದು ಮನೆಗೆ ಇಬ್ಬರು ರಾಣಿಯರು ಒಗ್ಗುವುದಿಲ್ಲ. ರಾಣಿ ಇದ್ದ ಮನೆಯನ್ನೇ ರಾಣಿ ಇದ್ದ ಇನ್ನೊಂದು ಮನೆಯ ಮೇಲೆ ಹೇರಿ ಅವಳೇ ಯುದ್ಧ ಹಚ್ಚಿದ್ದಳು. ಅವಳ ಮುಖ ನೋಡಿ ನನಗೆ ಅಳು ಬಂತು. ಅವಳು ಅಳಲಿಲ್ಲ. ಅಂದು ಚಹಾ ಮಾತ್ರ ಕುಡಿಯದೆ ಹೋದಳು.

ಶಿರಸಿಯ ಡಾಕ್ಟರು ಅವಳ ರಕ್ತದ ಸಕ್ಕರೆ ನೋಡಿ ಹೌಹಾರಿದರು. ಅವಳ ಸಕ್ಕರೆ ಕಾಯಿಲೆಗೆ ಅವರೇ ಗುಳಿಗೆ ಕೊಟ್ಟು ವರ್ಷಗಳಾಗಿದ್ದವು. ತಿಮ್ಮಕ್ಕ ಗುಳಿಗೆ ನುಂಗುತ್ತಿದ್ದಳು, ಚಹಾಕ್ಕೆ ಸಕ್ಕರೆ ಬಿಟ್ಟಿದ್ದಳು, ಜೇನು ಬಿಟ್ಟಿರಲಿಲ್ಲ. ಪ್ರತಿ ಪೆಟ್ಟಿಗೆಯ ಜೇನುತುಪ್ಪವನ್ನೂ ಬೆರಳಲ್ಲಿ ತೆಗೆದು ನೆಕ್ಕಿ, ಇದು ಮತ್ತಿ ಹೂವಿನದು, ಇದು ನೇರಳೆಯದು ಎಂದು ಬೇರೆ ಮಾಡುವುದು ಅವಳ ಹೆಮ್ಮೆ. "ಜೇನು ಔಷಧಿಯಲ್ವಾ, ಅದೆಂತಕ್ಕೆ ಲೆಕ್ಕ?" ಎಂದು ಡಾಕ್ಟರನ್ನೇ ಕೇಳಿದಳು. ಜೇನು ಸಾಕುವವರಲ್ಲದೆ ಬೇರೆ ಯಾರೂ ಮಾಡಲಾಗದ ತಪ್ಪು ಅದು. ಕಣ್ಣಿಗೆ ಹುಬ್ಬಳ್ಳಿಗೆ ಹೋಗಿ ಎಂದು ಚೀಟಿ ಬರೆದರು. ಜತೆಗೆ ನಾನೇ ಹೊರಟೆ.

ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಮಹೇಶ್ವರಿ. ವಯಸ್ಸು ಸಣ್ಣದು, ತಾಳ್ಮೆ ದೊಡ್ಡದು. ಕಣ್ಣಿಗೆ ಔಷಧಿಯ ಬಿಂದು ಹಾಕಿ, ಯಂತ್ರದಲ್ಲಿ ಕಣ್ಣಿನ ಒಳಗಿನ ಚಿತ್ರ ತೆಗೆದು, ತಿಮ್ಮಕ್ಕನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕುಳಿತರು.

"ನೋಡ್ರಿ ಅಮ್ಮಾ, ಕಣ್ಣಿನ ಹಿಂದ ಒಂದು ಪರದೆ ಐತಿ. ನೀವು ನೋಡಿದ್ದೆಲ್ಲಾ ಅಲ್ಲೇ ಮೂಡ್ತೈತಿ. ಆ ಪರದೆಯೊಳಗ ಕಾವಲು ಕಾಯೋ ಕಣ ಇರ್ತಾವ. ಕಸ ತೆಗೀತಾವ, ರೋಗ ಬಂದ್ರ ಹೊಡೆದಾಡ್ತಾವ, ಇಲ್ಲಂದ್ರ ತಮ್ಮ ಪಾಡಿಗೆ ಇರ್ತಾವ. ರಕ್ತದಾಗ ಸಕ್ಕರಿ ವರ್ಷಗಟ್ಟಲೆ ಏರಿ ನಿಂತ್ರ ಅವಕ್ಕ ಏನೋ ಆಪತ್ತು ಬಂತು ಅನಿಸಿಬಿಡ್ತೈತಿ. ಕೆರಳಿ ನಿಲ್ತಾವ. ರಕ್ತದಾಗಿನ ಬಿಳಿ ಕಣಾನೂ ಬಂದು ಸಣ್ಣ ನಾಳದ ಗೋಡಿಗೆ ಅಂಟ್ಕೊಳ್ತಾವ. ವೈರಿ ಯಾರೂ ಇಲ್ಲ, ಹೊಡೆತ ಎಲ್ಲಾ ಮನಿ ಗೋಡಿಗೇ. ಗೋಡಿ ಸೋರ್ತೈತಿ, ಪರದೆ ನಟ್ಟನಡುವ ನೀರು ತುಂಬಿ ಉಬ್ಬತೈತಿ. ಸಣ್ಣದನ್ನ ನೋಡೋ ಜಾಗ ಅದೇ ನೋಡ್ರಿ."

"ಬೇಲಿನೇ ಎದ್ದು ಹೊಲ ಮೇಯ್ದಂಗೆ ಆತು," ಎಂದೆ ನಾನು.

ತಿಮ್ಮಕ್ಕ ತಲೆಯಲ್ಲಾಡಿಸಿದಳು. "ಬೇಲಿ ಅಲ್ಲ ಸಮೀನಾ, ಇದು ನಂಗೆ ಗೊತ್ತಿದ್ದದ್ದೇ. ಮಳೆಗಾಲದಲ್ಲಿ ಹೂ ಇಲ್ದಾಗ ಜೇನಿಗೆ ಸಕ್ಕರೆ ಪಾಕ ಕೊಡ್ತ್ವಲ್ಲ, ಅದನ್ನ ಮಟಮಟ ಮಧ್ಯಾಹ್ನ ಬಾಗ್ಲಲ್ಲಿ ಚೆಲ್ಲಿದ್ರೆ ಹಿಂಗೇ ಆಗ್ತದೆ. ವಾಸನೆಗೆ ಬೇರೆ ಪೆಟ್ಟಿಗೆಯವು ಬರ್ತವೆ, ಕಾವಲಿನವು ಕೆರಳ್ತವೆ, ಆಮೇಲೆ ತನ್ನವ್ರು ಯಾರು ಹೊರಗಿನವ್ರು ಯಾರು ಅಂತ ಯಾರೂ ನೋಡುದಿಲ್ಲ. ಎರಿ ಹರಿದು ತುಪ್ಪ ಸೋರಿ ಹೋಗ್ತದೆ."

"ಸರಿಯಾಗೇ ಹೇಳಿದ್ರಿ," ಎಂದು ಡಾಕ್ಟರು ನಕ್ಕರು. "ಈ ಕಾವಲು ಕಣದ ಕಥಿ ನಾವೂ ಇನ್ನೂ ಪೂರ್ತಿ ತಿಳ್ಕೊಂಡಿಲ್ರಿ. ಪಾಕ ಚೆಲ್ಲಿದಾಗ ನೀವು ಏನು ಮಾಡ್ತೀರಿ?"

"ಮೊದ್ಲು ಪಾಕ ಒರೆಸ್ತೆ. ಆಮೇಲೆ ಬಾಗ್ಲು ಸಣ್ಣ ಮಾಡಿ, ಅವನ್ನ ತಣ್ಣಗೆ ಮಾಡ್ತೆ."

"ನಾವೂ ಅದನ್ನ ಮಾಡೋಣು," ಎಂದರು ಡಾಕ್ಟರು.

ಪಾಕ ಒರೆಸುವುದು ತಿಮ್ಮಕ್ಕನ ಪಾಲಿನ ಕೆಲಸ. ಅಂದಿನಿಂದ ಅವಳು ಜೇನನ್ನು ಮೂಸಿ ಬೇರೆ ಮಾಡುವುದನ್ನು ಕಲಿತಳು, ನಾಲಿಗೆಗೆ ಒಂದು ಹನಿ ಮುಟ್ಟಿಸಲಿಲ್ಲ. ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳಲು ಅವಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ, ಮುಳ್ಳು ಹೊಕ್ಕು ಹೊರಬರುವುದು ಅವಳಿಗೆ ಹೊಸತಲ್ಲ. ಆದರೆ ಕಣ್ಣಿಗೇ ಇಂಜೆಕ್ಷನ್ ಎಂದಾಗ ನನ್ನ ಕೈ ಗಟ್ಟಿಯಾಗಿ ಹಿಡಿದಳು. ರೆಪ್ಪೆಗೆ ಜೇನು ಕಚ್ಚಿದಾಗಲೂ ಅಲುಗದೆ ಕುಳಿತವಳಲ್ಲವೇ ನೀನು ಎಂದು ಛೇಡಿಸಿದೆ. ಅದು ಹೇಳದೆ ಕಚ್ಚುತ್ತದೆ, ಇವರು ಹೇಳಿ ಚುಚ್ಚುತ್ತಾರೆ ಎಂದಳು.

ಮೊದಲ ಔಷಧಿ ನಾಳ ಸೋರುವುದನ್ನು ತಡೆಯುವಂಥದ್ದು. ತಿಂಗಳಿಗೊಮ್ಮೆ ಕಾನಸೂರಿನಿಂದ ಶಿರಸಿಗೆ, ಶಿರಸಿಯಿಂದ ಹುಬ್ಬಳ್ಳಿಗೆ. ಬಹಳ ಜನರಿಗೆ ಇದರಲ್ಲೇ ಗುಣವಾಗುತ್ತದಂತೆ. ತಿಮ್ಮಕ್ಕನ ಎಡಗಣ್ಣು ಹಟಮಾರಿ, ಊತ ಇಳಿಯಲೊಲ್ಲದು. ಬಲಗಣ್ಣು ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಮಳೆಗಾಲ ಮುಗಿದು ಹೂವಿನ ಕಾಲ ಬರುವಾಗ ಅವಳು ನನ್ನ ಅಂಗಡಿಯ ಬೆಂಚಿನ ಮೇಲೆ ಕುಳಿತು, "ಉಳಿದ ಪೆಟ್ಟಿಗೆನೆಲ್ಲ ಯಾರಿಗಾದ್ರೂ ಕೊಟ್ಟುಬಿಡ್ತೆ," ಎಂದಳು. "ಕಾಣದ ಕೈಯಲ್ಲಿ ಇನ್ನೊಂದು ರಾಣಿ ಸಾಯೂದು ಬೇಡ."

ನನಗೆ ಎಲ್ಲಿತ್ತೋ ಸಿಟ್ಟು. "ಕೊಟ್ಟು ಎಂತ ಮಾಡ್ತೀ? ನಾಗಪತಿಯಣ್ಣನ ಹಿಂದೆ ಸಿಮೆಂಟ್ ಬುಟ್ಟಿ ಹೊರ್ತ್ಯಾ? ನಿನ್ನ ಹೆಸರು ಹೇಳಿ ಗಿರಾಕಿಗಳ ಬಾಯಿ ಮುಚ್ಚಿಸ್ತೇನೆ ನಾನು. ಆ ಹೆಸರು ಯಾರಿಗೆ ಕೊಡ್ತೀ?" ಎಂದು ಅಂಗಡಿಯಲ್ಲಿ ಜನ ಇರುವಾಗಲೇ ಕೂಗಾಡಿದೆ. ಅವಳು ಚೀಲ ಎತ್ತಿಕೊಂಡು ಬಸ್ಸಿಗೆ ಹೊರಟಳು. ಆದರೆ ಪೆಟ್ಟಿಗೆಯನ್ನು ಯಾರಿಗೂ ಕೊಡಲಿಲ್ಲ. ನಾಗಪತಿ ಮೊಟ್ಟೆ ನೋಡುವುದನ್ನು ಕಲಿತು, ಪೆಟ್ಟಿಗೆಯಿಂದ ಪೆಟ್ಟಿಗೆಗೆ ಅವಳ ಜತೆ ಹೋಗತೊಡಗಿದ. ಮುಖಕ್ಕೆ ಬಲೆ ಕಟ್ಟಿಕೊಂಡೇ.

ಮುಂದಿನ ಸಲ ಮಹೇಶ್ವರಿ ಡಾಕ್ಟರು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ನಿಮ್ಮ ಕಣ್ಣಲ್ಲಿ ಕಾವಲಿನವರ ಗದ್ದಲವೇ ಜಾಸ್ತಿ ಇದ್ದಂತಿದೆ, ಅವರನ್ನೇ ತಣ್ಣಗೆ ಮಾಡುವ ಬೇರೆ ಔಷಧಿ ಹಾಕೋಣ ಎಂದರು. ಸ್ಟೀರಾಯ್ಡ್ ಅದು. ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು, ಆಗಾಗ ಬಂದು ತೋರಿಸಲೇಬೇಕು ಎಂದು ಎರಡೆರಡು ಸಲ ಹೇಳಿದರು. ಗುಣವಾಗಿಯೇ ತೀರುತ್ತದೆ ಎಂದು ಮಾತ್ರ ಹೇಳಲಿಲ್ಲ. ಸುಳ್ಳು ಧೈರ್ಯ ಕೊಡದ ಆ ಹುಡುಗಿ ನನಗೆ ಅಂದೇ ಇಷ್ಟವಾದಳು.

ಆ ಔಷಧಿ ಹಾಕಿಸಿಕೊಂಡು ಬಂದ ಕೆಲವೇ ದಿನಕ್ಕೆ ಸಿದ್ದಾಪುರದಲ್ಲಿ ಜೇನು ಸಾಕುವವರ ಸಭೆ ಇತ್ತು. ಕಣ್ಣು ಇನ್ನೂ ಹಾಗೇ ಇತ್ತು, ಏನಾಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಜೇನಿನ ಬಾಟಲಿ ಖರೀದಿಗೆಂದು ನಾನೂ ಹೋಗಿದ್ದೆ. ಜೇನು ಕುಟುಂಬಗಳು ಯಾಕೆ ಸಾಯುತ್ತಿವೆ ಎಂದು ಚರ್ಚೆ ಬಂತು. ತೋಟಕ್ಕೆ ಹೊಡೆಯುವ ಔಷಧಿ ಎಂದರು, ಟವರು ಎಂದರು. ತಿಮ್ಮಕ್ಕ ಎದ್ದು ನಿಂತಳು. ಅವಳು ಮಾತಾಡಲು ಎದ್ದದ್ದನ್ನು ಆ ಸಭೆ ಅದುವರೆಗೆ ಕಂಡಿರಲಿಲ್ಲ.

"ಉಳಿದವ್ರದ್ದು ನಂಗೊತ್ತಿಲ್ಲ. ನನ್ನ ರಾಣಿಗಳನ್ನ ಕೊಂದದ್ದು ನಾನೇ," ಎಂದಳು. "ನನ್ನ ಕಣ್ಣು ಹೋಗಿತ್ತು, ರಾಣಿ ಇಲ್ಲ ಅಂತ ಜೇನಿನ ಮೇಲೆ ಹೇಳ್ದೆ. ಸಕ್ಕರೆ ಕಾಯಿಲೆ ಇದ್ದವ್ರು ಇಲ್ಲಿ ಸುಮಾರು ಜನ ಇದ್ದೀರಿ, ನಂಗೆ ಗೊತ್ತು. ಎಲ್ಲರೂ ಜೇನು ಔಷಧಿ ಅಂತ ನೆಕ್ಕವ್ರೇ. ಚಂದ ಕಾಣ್ತದೆ ಅಂದ್ರೂ ವರ್ಷಕ್ಕೊಮ್ಮೆ ಬಿಂದು ಹಾಕಿಸಿ ಕಣ್ಣಿನ ಒಳಗೆ ತೋರಿಸ್ಕಳಿ. ಸುರುವಿಗೆ ನೋವಿಲ್ಲ, ಕೆಂಪಿಲ್ಲ, ಎಂತದೂ ಇಲ್ಲ. ಗೊತ್ತಾಗುವಾಗ ನಂದು ಅರ್ಧ ಮುಗಿದಿತ್ತು."

ತನ್ನ ಮಾತು ಸುಳ್ಳಾಯಿತೆಂದು ಒಪ್ಪುವುದು ಅವಳಿಗೆ ಆ ಇಂಜೆಕ್ಷನ್ನಿಗಿಂತ ಕಷ್ಟವಿತ್ತು. ನನಗಿದು ಗೊತ್ತು, ಇಪ್ಪತ್ತು ವರ್ಷದಲ್ಲಿ ಒಂದು ಚಹಾದ ವಿಷಯಕ್ಕೂ ಅವಳು ಸೋತದ್ದಿಲ್ಲ. ಹಿಂದೆ ಸಕ್ಕರೆ ಕಡಿಮೆ ಹಾಕು ಎಂದಿದ್ದವರಲ್ಲಿ ಒಬ್ಬರು ಎದ್ದು ಬಂದು, ತಿಮ್ಮಕ್ಕ, ಆ ಹುಬ್ಬಳ್ಳಿ ಡಾಕ್ಟರ ನಂಬರು ಕೊಡಿ ಎಂದರು. ನನಗೆ ಎದೆ ಉಬ್ಬಿ ಬಂತು. ಪಕ್ಕದಲ್ಲಿ ಕುಳಿತಿದ್ದವರಿಗೆ, ಅವಳು ನಮ್ಮವಳು ಎಂದು ಕೇಳದಿದ್ದರೂ ಹೇಳಿದೆ.

ಆಮೇಲಿನ ತಿಂಗಳುಗಳಲ್ಲಿ ಬಲಗಣ್ಣಿನ ಊತ ಇಳಿಯುತ್ತ ಬಂತು. ಎಡಗಣ್ಣು ಅಷ್ಟಕ್ಕಷ್ಟೇ, ಇನ್ನು ಹೆಚ್ಚು ಆಸೆ ಬೇಡ ಎಂದಿದ್ದಾರೆ. ಬಸ್ಸಿನ ಬೋರ್ಡು ಓದಿದೆ ಎಂದು ಒಮ್ಮೆ ಫೋನು ಮಾಡಿದಳು, ಅಕ್ಕಿಯಲ್ಲಿ ಕಲ್ಲು ಸಿಕ್ಕಿತು ಎಂದು ಇನ್ನೊಮ್ಮೆ. ಮೊಟ್ಟೆಯ ಸುದ್ದಿ ಮಾತ್ರ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಪೆಟ್ಟಿಗೆ ನೋಡುವುದು ಇನ್ನೂ ನಾಗಪತಿಯ ಕೆಲಸವೇ ಆಗಿತ್ತು.

ಈ ವರ್ಷ ಬಿಸಿಲು ಏರುತ್ತಿದ್ದ ಒಂದು ದಿನ ಅಂಗಡಿಗೆ ಒಬ್ಬಳೇ ಬಂದಳು. ಬಾಟಲಿಗಳನ್ನು ಕೆಳಗಿಟ್ಟು, ನಿಮ್ಮ ಹಿತ್ತಲದ್ದು ನೋಡಿ ಬರೋಣ ಎಂದಳು. ನಾನು ಮುನವ್ವರನನ್ನು ಅಂಗಡಿಯಲ್ಲಿ ಕೂರಿಸಿ ಅವಳ ಹಿಂದೆ ಹೋದೆ. ಪೇರಲ ಗಿಡದ ಬುಡದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ನಿಂತಳು. ಸಂಸಾರ ಕೋಣೆಯ ನಡುವಿನ ಚೌಕಟ್ಟನ್ನು ಎತ್ತಿ ಓರೆ ಹಿಡಿದಳು. ಎಡಗಣ್ಣು ಮುಚ್ಚಿ ಬಲಗಣ್ಣಿಂದ ಬಹಳ ಹೊತ್ತು ನೋಡಿದಳು.

"ಮೊಟ್ಟೆ ಇಲ್ಲ," ಎಂದಳು.

ಮತ್ತೆ ಅದೇ ಮಾತು, ಅದೇ ಗಿಡದ ಬುಡದಲ್ಲಿ. ಅವಳಿಗೆ ಹೇಗೆ ಹೇಳಲಿ ಎಂದು ತಿಳಿಯದೆ ಅವಳ ಹೆಗಲ ಮೇಲಿಂದ ಬಗ್ಗಿದೆ. ಕನ್ನಡಕ ಸರಿಮಾಡಿಕೊಂಡು ನೋಡಿದೆ, ಮೊಬೈಲಿನ ಬೆಳಕು ಬಿಟ್ಟು ನೋಡಿದೆ. ಒಂದೊಂದು ಕಣ್ಣೂ ಖಾಲಿ. ನಿಜವಾಗಿಯೂ ಮೊಟ್ಟೆ ಇರಲಿಲ್ಲ.

"ಹಳೆ ರಾಣಿ ಪಾಲು ತಗಂಡು ಹಾರಿ ಹೋಗಿದ್ದಾಳೆ," ಎಂದಳು ತಿಮ್ಮಕ್ಕ, ಎರಿಯ ಕೆಳಗಿನ ಅಂಚಿಗೆ ಬೆರಳು ತೋರಿಸಿ. "ಇಲ್ಲಿ ನೋಡು, ಹೊಸ ರಾಣಿ ಗೂಡಿನ ಮುಚ್ಚಳ ದುಂಡಗೆ ಕೊರೆದು ಹೊರಗೆ ಬಂದಿದ್ದಾಳೆ. ತಳ ಎಲ್ಲ ಹೆಂಗೆ ಹೊಳೀತದೆ ನೋಡು, ಅವಳು ಮೊಟ್ಟೆ ಇಡ್ಲಿ ಅಂತ ಉಳಿದವು ತಿಕ್ಕಿ ಇಟ್ಟಿದಾವೆ. ಹದಿನೈದು ದಿನ ಮುಚ್ಚಳ ತೆಗೀಬೇಡ, ಅಷ್ಟರಲ್ಲಿ ಮೊಟ್ಟೆ ಸುರು ಮಾಡ್ತಾಳೆ."

ನಾನು ಆ ಹೊಳಪನ್ನು ನೋಡಲು ಮತ್ತೆ ಬಗ್ಗಿದೆ. ನನಗೆ ಕಾಣಲಿಲ್ಲ, ಕಣ್ಣಲ್ಲಿ ನೀರು ತುಂಬಿತ್ತು.

"ಅಳೂದೆಂತಕ್ಕೆ? ಇದನ್ನ ಯಾವ್ದಕ್ಕೂ ಸೇರಿಸೂದು ಬೇಡ," ಎಂದು ಅವಳು ಚೌಕಟ್ಟನ್ನು ಒಳಗಿಳಿಸಿ ಮುಚ್ಚಳ ಹಾಕಿದಳು. "ರಾಣಿ ಇದ್ದಾಳೆ. ಚಹಾ ಇಡು, ಸಕ್ಕರೆ ಬೇಡ."